ದೊರೆಯ ಬಲಗೈ ನೋಡಲು ಹೋದೆ: ಕೋಪಾನ್‌ನ ಸುರಂಗ, ಶಿಲ್ಪ ಮ್ಯೂಸಿಯಂ ಮತ್ತು ಒಬ್ಬ ಒಳ್ಳೆಯ ಗೈಡ್

ಮುರಿದ ಕೈ ಹಿಡಿದುಕೊಂಡು ಬಂದವರನ್ನು ಕೂರಿಸಿ, ಆ ಕೈಯನ್ನು ನೋವಾಗದ ಹಾಗೆ ಪ್ಲೇಟಿನ ಮೇಲೆ ಇರಿಸಿ, "ಒಂದು ನಿಮಿಷ, ಅಲ್ಲಾಡಿಸಬೇಡಿ" ಎಂದು ಹೇಳಿ ಗೋಡೆಯ ಹಿಂದಕ್ಕೆ ಸರಿಯುವುದು ನನ್ನ ಕೆಲಸವಾಗಿತ್ತು. ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದೆ. ನಿವೃತ್ತಿಯಾದ ಮೇಲೆ ಮಗಳ ಜೊತೆ ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಕೋಪಾನ್‌ಗೆ, ಪ್ರಾಚೀನ ಮಾಯಾ ಜನರ ಹಾಳುಬಿದ್ದ ನಗರಕ್ಕೆ, ಹೋಗಿ ಬಂದೆ. ಪಿರಮಿಡ್ಡು ನೋಡುವ ಆಸೆ ಮಗಳದು. ನನಗೆ ಬೇಕಿದ್ದದ್ದು ಒಬ್ಬ ದೊರೆಯ ಬಲಗೈ.

ಆ ದೊರೆಯ ಹೆಸರು ಕಿನಿಚ್ ಯಾಶ್ ಕುಕ್ ಮೋ. ಕುಕ್ ಎಂದರೆ ಉದ್ದ ಬಾಲದ ಹಸಿರು ಕೆತ್ಸಾಲ್ ಹಕ್ಕಿ, ಮೋ ಎಂದರೆ ಕೆಂಪು ಮಕಾವ್ ಗಿಣಿ. ಯಾಶ್ ಎಂದರೆ ಮೊದಲನೆಯ ಎಂದೂ ಹಸಿರು ಎಂದೂ ಆಗುತ್ತದೆ. ಕಿನಿಚ್ ಎನ್ನುವುದು ಸೂರ್ಯನಿಗೆ ಸಂಬಂಧಪಟ್ಟ ಬಿರುದು. ಕೋಪಾನ್‌ನಲ್ಲಿ ಸುಮಾರು ನಾನೂರು ವರ್ಷ ಆಳಿದ ಹದಿನಾರು ದೊರೆಗಳಲ್ಲಿ ಇವನೇ ಮೊದಲಿಗ. ಈತ ನಿಜವಾಗಿ ಬದುಕಿದ್ದ ಮನುಷ್ಯನೋ, ಅಥವಾ ವಂಶಕ್ಕೊಂದು ಮೂಲಪುರುಷ ಬೇಕೆಂದು ಹಿಂದಿನವರು ಹೇಳಿಕೊಂಡ ಕಥೆಯೋ ಎಂಬ ಅನುಮಾನ ವಿದ್ವಾಂಸರಿಗೇ ಇತ್ತು. 1980ರ ದಶಕದ ಕೊನೆಯಲ್ಲಿ ಅವನ ಮಗನೆಂದು ತಿಳಿಯಲಾದ ಎರಡನೆಯ ದೊರೆಯ ಕಾಲದ ಶಾಸನವೊಂದು ಮಣ್ಣಿನಡಿ ಸಿಕ್ಕಿತು, ಅದರಲ್ಲಿ ಇವನ ಹೆಸರಿತ್ತು. ಆಮೇಲೆ 1990ರ ದಶಕದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂನ ರಾಬರ್ಟ್ ಶೇರರ್ ಮತ್ತು ಡೇವಿಡ್ ಸೆಡಾಟ್ ಅವರ ತಂಡ ಹದಿನಾರನೆಯ ನಂಬರಿನ ಗುಡಿಯ ತಳದಲ್ಲಿ, ಹುನಾಲ್ ಎಂದು ತಾವು ಹೆಸರಿಟ್ಟ ಪುಟ್ಟ ಕಟ್ಟಡದೊಳಗೆ, ಕಲ್ಲುಚಪ್ಪಡಿಯ ಮೇಲೆ ಮಲಗಿಸಿದ್ದ ಒಬ್ಬ ಗಂಡಸಿನ ಅಸ್ಥಿಪಂಜರವನ್ನು ಕಂಡಿತು. ಅವನೇ ಯಾಶ್ ಕುಕ್ ಮೋ ಎಂದು ಸಂಶೋಧಕರು ಗುರುತಿಸಿದ್ದಾರೆ. ಆ ಮೂಳೆಗಳ ವಿವರ ಓದಿದ ದಿನದಿಂದ ಕೋಪಾನ್ ನನ್ನ ತಲೆಯಲ್ಲಿ ಕೂತಿತ್ತು: ಬಲ ಮುಂಗೈ ಮುರಿದಿದೆ, ಎಡ ಭುಜಕ್ಕೆ ಬಲವಾದ ಪೆಟ್ಟು, ಎದೆಮೂಳೆ ಮತ್ತು ಪಕ್ಕೆಲುಬಿಗೂ ಪೆಟ್ಟು. ಸಾಯುವಾಗ ವಯಸ್ಸು ಐವತ್ತೈದರ ಮೇಲೆ. ಗಾಯಗಳೆಲ್ಲ ಹಳೆಯವು. ಇಷ್ಟೆಲ್ಲ ಆದ ಮೇಲೂ ಅವನು ಬದುಕಿದ್ದ.

ಕೋಪಾನ್‌ಗೆ ಹೋಗಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು ನಾವು ಕಂಡದ್ದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಶಿಲ್ಪ ಮ್ಯೂಸಿಯಂಗೆ ಐದಕ್ಕೆ ಐದು. ಗುಡಿಗಳಡಿ ಸಂಶೋಧಕರು ತೋಡಿಸಿದ ಸುರಂಗಗಳಿಗೆ ನಾಲ್ಕು, ಆದರೆ ಮನಸ್ಸಿನಲ್ಲಿ ಐದೇ. ಗೈಡ್ ಸೇವೆಗೆ ಒಂದೇ ಅಂಕ ಕೊಡಲಾಗದು, ಏಕೆಂದರೆ ಎರಡು ದಿನ ಇಬ್ಬರು ಗೈಡ್‌ಗಳಿದ್ದರು, ಇಬ್ಬರಿಗೂ ಅಜಗಜಾಂತರ.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ಕೋಪಾನ್ ಹೊಂಡುರಾಸ್‌ನ ಪಶ್ಚಿಮದ ಅಂಚಿನಲ್ಲಿದೆ, ಗ್ವಾಟೆಮಾಲಾ ಗಡಿಗೆ ಹತ್ತಿರ. ನಾವು ಗ್ವಾಟೆಮಾಲಾ ಕಡೆಯಿಂದ ವ್ಯಾನಿನಲ್ಲಿ ಬಂದು ಎಲ್ ಫ್ಲೋರಿದೋ ಎಂಬಲ್ಲಿ ಗಡಿ ದಾಟಿದೆವು. ವ್ಯಾನಿನವರು ಹೇಳಿದ ಹೊತ್ತಿಗೆ ಹೊರಡಲಿಲ್ಲ, ಇಬ್ಬರ ಸೀಟಿನಲ್ಲಿ ಮೂವರನ್ನು ಕೂರಿಸಿದರು. ಮಂಡಿ ನೋವಿರುವವರು ಸೀಟಿನ ವಿಷಯ ಮೊದಲೇ ಖಚಿತ ಮಾಡಿಕೊಳ್ಳಿ. ಉಳಿದುಕೊಳ್ಳಲು ಕೋಪಾನ್ ರುಯಿನಾಸ್ ಎಂಬ ಊರಿದೆ. ಕಲ್ಲು ಹಾಸಿದ ಏರಿಳಿತದ ಬೀದಿಗಳು, ಮೂರು ಗಾಲಿಯ ಮೋಟೋಟ್ಯಾಕ್ಸಿಗಳು. ಅಲ್ಲಿಂದ ಪಾರ್ಕಿನ ಗೇಟಿಗೆ ಒಂದು ಕಿಲೋಮೀಟರಿನಷ್ಟು, ನಡೆದೇ ಹೋಗಬಹುದು. ಪಾರ್ಕಿಗೆ ಒಂದು ಟಿಕೆಟ್, ಸುರಂಗಕ್ಕೆ ಇನ್ನೊಂದು, ಶಿಲ್ಪ ಮ್ಯೂಸಿಯಂಗೆ ಮತ್ತೊಂದು. ಹೊರದೇಶದವರಿಗೆ ದರ ಹೆಚ್ಚು. ಸುರಂಗದ ಟಿಕೆಟ್ ದುಬಾರಿ ಎಂದು ಬಿಟ್ಟು ಹೋಗುವವರನ್ನು ಕಣ್ಣಾರೆ ಕಂಡೆ. ಬಿಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಗೇಟು ದಾಟಿದ ಕೂಡಲೇ ಕಿವಿಗೆ ಬೀಳುವುದು ಮಕಾವ್‌ಗಳ ಕೂಗು. ಈ ಕಣಿವೆಯಲ್ಲಿ ಕಾಣೆಯಾಗಿದ್ದ ಕೆಂಪು ಮಕಾವ್‌ಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುತ್ತಿದ್ದಾರೆ. ಅವು ಗೇಟಿನ ಹತ್ತಿರದ ಮರಗಳಲ್ಲೇ ಗುಂಪಾಗಿ ಕೂರುತ್ತವೆ. ಕೆಂಪು, ಹಳದಿ, ನೀಲಿ ರೆಕ್ಕೆ ಬಿಚ್ಚಿ ತಲೆಯ ಮೇಲೇ ಹಾದು ಹೋದಾಗ ಮಗಳು ಫೋನ್ ತೆಗೆಯುವುದನ್ನೂ ಮರೆತು ನಿಂತಳು. ದೊರೆಯ ಹೆಸರಿನ ಅರ್ಧ ಅಲ್ಲಿಯೇ ಮರದ ಮೇಲಿತ್ತು. "ಮೋ" ಎಂದು ಮೆಲ್ಲಗೆ ಹೇಳಿಕೊಂಡೆ.

ಮೊದಲ ದಿನದ ಗೈಡ್ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಕಲ್ಲುಗಳ ನಡುವೆ ಓಡಿಸಿಕೊಂಡು ಹೋದರು. ಹದಿನಾರು ಜನ ಕೂತಿರುವ ಚೌಕನೆಯ ಕಲ್ಲಿನ ಮುಂದೆ ನಿಲ್ಲಿಸಿ, ಇವರೆಲ್ಲ ಖಗೋಳ ವಿಜ್ಞಾನಿಗಳು, ಪಂಚಾಂಗ ಸರಿಪಡಿಸಲು ಸಭೆ ಸೇರಿದ್ದಾರೆ ಎಂದರು. ಒಂದು ಕಾಲದಲ್ಲಿ ಹಾಗೆ ನಂಬಿದ್ದವರು ಇದ್ದರು, ನಿಜ. ಲಿಪಿ ಓದಲು ಬಂದ ಮೇಲೆ ಆ ಮಾತು ಬಿದ್ದುಹೋಗಿ ದಶಕಗಳಾದವು. ಅಷ್ಟು ದೂರದಿಂದ ಬಂದವರಿಗೆ ಸವೆದ ಕಥೆ ಹೇಳಿ ಕಳಿಸುವುದು ನನಗೆ ಬಹಳ ಬೇಸರ ತಂದಿತು. ತಪ್ಪು ರಿಪೋರ್ಟು ಕೈಗಿಟ್ಟು ಕಳಿಸಿದ ಹಾಗೆ.

ಹಾಗಾಗಿ ಮಧ್ಯಾಹ್ನ ಗೈಡ್ ಇಲ್ಲದೆ ನಾವಿಬ್ಬರೇ ಶಿಲ್ಪ ಮ್ಯೂಸಿಯಂಗೆ ಹೋದೆವು. ಇದು 1996ರಲ್ಲಿ ತೆರೆದದ್ದು. ಸರ್ಪದ ತೆರೆದ ಬಾಯಿಯೇ ಬಾಗಿಲು. ಒಳಗೆ ಕತ್ತಲೆಯ ಸುತ್ತುದಾರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ದಾರಿ ತಿರುಗುತ್ತದೆ, ಎದುರಿಗೆ ಒಮ್ಮೆಲೇ ಬೆಳಕು, ಆ ಬೆಳಕಿನಲ್ಲಿ ಕಡುಗೆಂಪು ಬಣ್ಣದ ಇಡೀ ಗುಡಿಯೊಂದು ನೆಲದಿಂದ ಮೇಲಿನವರೆಗೆ ಎದ್ದು ನಿಂತಿದೆ. ರೋಸಲೀಲಾ ಎಂಬ ಗುಡಿಯ ಅದೇ ಅಳತೆಯ ಪ್ರತಿರೂಪ. ಮಧ್ಯದಲ್ಲಿ ಚಾವಣಿ ತೆರೆದಿರುವುದರಿಂದ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಮಾಯಾ ಕಟ್ಟಡವೆಂದರೆ ಬೂದು ಕಲ್ಲು, ಮೇಲೆ ಪಾಚಿ ಎಂದುಕೊಂಡಿದ್ದವಳಿಗೆ ಆ ಕೆಂಪು ಕಣ್ಣಿಗೆ ಹೊಡೆಯಿತು. ಗಾರೆಯಲ್ಲಿ ಮಾಡಿದ ದೊಡ್ಡ ದೊಡ್ಡ ಹಕ್ಕಿಗಳು, ಸೂರ್ಯದೇವನ ಮುಖಗಳು, ಅವುಗಳ ನಡುವೆ ಹಸಿರು, ಹಳದಿ. ಹೊಸ ಬಣ್ಣ ಬಳಿದು ಇಷ್ಟು ದೊಡ್ಡದಾಗಿ ಮಾಡಿದ್ದು ಅತಿಯಾಯಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸಲಿಲ್ಲ. ಕೋಪಾನ್‌ನ ಜನ ಕಂಡದ್ದು ಬಣ್ಣವನ್ನೇ. ಅಸಲಿ ಗುಡಿ ನೆಲದಡಿಯ ಕತ್ತಲಲ್ಲಿ ಭದ್ರವಾಗಿರಲಿ, ಅದರ ಮೈ ಹೇಗಿತ್ತೆಂದು ಹಗಲ ಬೆಳಕಿನಲ್ಲಿ ಇಲ್ಲಿ ನೋಡೋಣ. ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚುವುದಿಲ್ಲ.

ನಾನು ಹುಡುಕಿಕೊಂಡು ಬಂದ ಕಲ್ಲು ಇದೇ ಮ್ಯೂಸಿಯಂನಲ್ಲಿದೆ. ಕ್ಯೂ ಪೀಠ (Altar Q) ಎಂದು ಅದರ ಹೆಸರು. ಹೊರಗೆ ಗುಡಿಯ ಮುಂದಿರುವುದು, ಮೊದಲ ಗೈಡ್ ತೋರಿಸಿದ್ದು, ನಕಲು; ಅಸಲಿ ಇಲ್ಲಿಗೆ ಬಂದಿದೆ. ಚೌಕನೆಯ ಒಂದೇ ಕಲ್ಲು, ಮೇಲ್ಭಾಗದಲ್ಲಿ 36 ಅಕ್ಷರಗುಚ್ಛ, ನಾಲ್ಕು ಮಗ್ಗುಲಲ್ಲಿ ನಾಲ್ಕು ನಾಲ್ಕು ದೊರೆಗಳು. ಹದಿನಾರನೆಯ ದೊರೆ ಯಾಶ್ ಪಸಾಹ್ ಚಾನ್ ಯೋಪಾತ್ ಕ್ರಿ.ಶ. 776ರಲ್ಲಿ ಮಾಡಿಸಿದ್ದು. ಬಹುಪಾಲು ದೊರೆಗಳು ತಮ್ಮ ತಮ್ಮ ಹೆಸರಿನ ಅಕ್ಷರದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಪಶ್ಚಿಮದ ಮಗ್ಗುಲಲ್ಲಿ ಮೊದಲನೆಯವನೂ ಹದಿನಾರನೆಯವನೂ ಎದುರುಬದುರು. ನಡುವೆ ಹದಿನಾರನೆಯವನು ಪಟ್ಟಕ್ಕೆ ಬಂದ 763ರ ಜುಲೈ ತಿಂಗಳ ದಿನಾಂಕ. ಮೊದಲಿಗ ಕೈಯಲ್ಲಿದ್ದ ಕೋಲಿನಂಥದ್ದನ್ನು ಇವನತ್ತ ಚಾಚಿದ್ದಾನೆ. ಸತ್ತು ಮುನ್ನೂರು ವರ್ಷಕ್ಕೂ ಮೇಲಾದವನು ಇಂದಿನವನಿಗೆ ಅಧಿಕಾರ ಕೊಡುತ್ತಿದ್ದಾನೆ. ಮೊದಲಿಗನ ಕೆಳಗಿರುವುದು ಹೆಸರಲ್ಲ, "ಒಡೆಯ" ಎಂಬ ಅರ್ಥದ ಅಹಾವ್ ಎಂಬ ಅಕ್ಷರ. ಅವನ ಹೆಸರು ತಲೆಯ ಮೇಲಿದೆ: ಪೇಟದಲ್ಲಿ ಹಕ್ಕಿ. ಕಣ್ಣ ಸುತ್ತ ದುಂಡನೆಯ ಬಳೆಗಳಂಥ ಕನ್ನಡಕ. ಅದು ಮಾಯಾ ಉಡುಗೆಯಲ್ಲ, ಸಾವಿರ ಕಿಲೋಮೀಟರಿಗೂ ದೂರದ ಮಧ್ಯ ಮೆಕ್ಸಿಕೋದ ತೆಯೋತಿವಾಕಾನ್ ನಗರದ ಗುರುತು.

ಆಮೇಲೆ ಕೈ ನೋಡಿದೆ. ಬಲ ಮುಂಗೈಯ ಮೇಲೆ ಸಣ್ಣ ದುಂಡು ಗುರಾಣಿ.

ಎಷ್ಟು ಹೊತ್ತು ನಿಂತೆನೋ. ಮಗಳು ಒಂದು ಸುತ್ತು ಹಾಕಿ ಬಂದಳು. "ಅಮ್ಮಾ, ಇನ್ನೂ ಇಲ್ಲೇ ಇದ್ದೀಯಾ?" ಎಂದಳು. ಗುರಾಣಿ ತೋರಿಸಿದೆ. ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಾದರೆ ನನ್ನ ಕೋಣೆಯಲ್ಲಿ ಕೂತಿರಬೇಕಿತ್ತು. ಎದುರಿನವನು ದೊಣ್ಣೆ ಎತ್ತಿದಾಗ ಮನುಷ್ಯ ಯೋಚಿಸುವುದಿಲ್ಲ, ಮುಂಗೈ ತಾನಾಗಿ ತಲೆಗೆ ಅಡ್ಡ ಬರುತ್ತದೆ. ಏಟು ಬೀಳುವುದು ಮುಂಗೈಯ ಕಿರುಬೆರಳಿನ ಕಡೆಯ ಮೂಳೆಗೆ, ನಟ್ಟನಡುವೆ. ಬಿದ್ದು ಕೈ ಊರಿಕೊಂಡವರಿಗೆ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ, ಅಡ್ಡ ಕೈ ಕೊಟ್ಟವರಿಗೆ ನಡುವೆ. "ಮೆಟ್ಟಿಲಿಂದ ಬಿದ್ದೆ" ಎಂದು ತಲೆ ತಗ್ಗಿಸಿ ಹೇಳಿದ ಎಷ್ಟೋ ಹೆಂಗಸರ ಫಿಲ್ಮು ಬೇರೆಯದೇ ಹೇಳುತ್ತಿದ್ದದ್ದನ್ನು ನೋಡಿದ್ದೇನೆ. ಹುನಾಲ್‌ನ ಆ ಮನುಷ್ಯನ ಬಲ ಮುಂಗೈಯಲ್ಲಿ ಇರುವುದೂ ಅಂಥ ಅಡ್ಡಗೈಯ ಮುರಿತ ಎಂದೇ ಮೂಳೆ ಪರೀಕ್ಷಿಸಿದ ಜೇನ್ ಬುಯ್ಕ್‌ಸ್ಟ್ರಾ ಅವರ ತಂಡ ಗುರುತಿಸಿದೆ. ಯುದ್ಧದ ಏಟಿರಬಹುದು, ಗಟ್ಟಿ ರಬ್ಬರ್ ಚೆಂಡಿನಿಂದ ಆಡುತ್ತಿದ್ದ ಮಾಯಾ ಆಟದ್ದೂ ಇರಬಹುದು ಎನ್ನುತ್ತಾರೆ. ಎಡ ಭುಜ, ಎದೆ, ಬಲಗೈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನ್ನ ಮನಸ್ಸು ಯುದ್ಧದ ಕಡೆಗೇ ವಾಲುತ್ತದೆ.

ಈ ಕಲ್ಲು ಕೆತ್ತಿದಾಗ ಆ ಮನುಷ್ಯ ಸತ್ತು ಸುಮಾರು 340 ವರ್ಷ ಕಳೆದಿತ್ತು. ಅವನ ಗೋರಿಯ ಮೇಲೆ ಗುಡಿ, ಗುಡಿಯ ಮೇಲೆ ಗುಡಿ ಕಟ್ಟಿ ಮುಚ್ಚಿಯಾಗಿತ್ತು. ಶಿಲ್ಪಿಗೆ ಮೂಳೆ ನೋಡಲು ದಾರಿಯೇ ಇರಲಿಲ್ಲ. ಆದರೂ ಗುರಾಣಿ ಅದೇ ಕೈಗೆ ಬಂದಿದೆ. ಹದಿನೈದು ತಲೆಮಾರಿನ ದೊರೆಗಳ ಕಾಲ ಯಾರೋ ಯಾರಿಗೋ ಹೇಳುತ್ತಲೇ ಬಂದಿರಬೇಕು, ನಮ್ಮ ಮೂಲದೊರೆಯ ಬಲಗೈ ಹೀಗಿತ್ತು ಎಂದು. ಇದು ನನ್ನ ಊಹೆ. ಆದರೆ ಗುರಾಣಿ ಮತ್ತು ಮುರಿತ ಒಂದೇ ಕೈಯಲ್ಲಿರುವುದು ಊಹೆಯಲ್ಲ, ಅದನ್ನು ಸಂಶೋಧಕರೂ ಗಮನಿಸಿ ಬರೆದಿದ್ದಾರೆ.

ನಮ್ಮ ವೃತ್ತಿಯಲ್ಲಿ ಒಂದು ಕಟ್ಟುನಿಟ್ಟಿದೆ. ಒಂದೇ ಕೋನದ ಫಿಲ್ಮನ್ನು ನಂಬಬಾರದು. ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಲೇಬೇಕು. ಎದುರಿನಿಂದ ನೆಟ್ಟಗೆ ಕಂಡ ಮೂಳೆ ಪಕ್ಕದಿಂದ ಸೊಟ್ಟಗೆ ಕಾಣುತ್ತದೆ. ಕ್ಯೂ ಪೀಠ ಒಂದು ಕೋನ. ಇನ್ನೊಂದು ಕೋನ ನೆಲದಡಿಯಲ್ಲಿ.

ಎರಡನೆಯ ದಿನ ಬೇರೆ ಗೈಡ್ ಹಿಡಿದೆವು. ನಡುವಯಸ್ಸಿನವರು, ಅದೇ ಊರಿನವರು. ಅವರ ತಂದೆ ಈ ಸುರಂಗಗಳನ್ನು ತೋಡಿದ ಕೆಲಸಗಾರರಲ್ಲಿ ಒಬ್ಬರಂತೆ. "ಸೆನ್ಯೋರಾ, ನಿಮಗೆ ಏನು ನೋಡಬೇಕು?" ಎಂದು ಮೊದಲು ಕೇಳಿದರು. ಗೈಡ್ ಆದವರು ಕೇಳಬೇಕಾದ ಮೊದಲ ಪ್ರಶ್ನೆ ಅದೇ. ನಾನು ನನ್ನ ಬಲ ಮುಂಗೈ ಎತ್ತಿ, ನಡುವೆ ಎಡಗೈಯಿಂದ ಗೆರೆ ಎಳೆದು ತೋರಿಸಿದೆ. ಅವರ ಮುಖ ಅರಳಿತು. "ಹಾಗಾದರೆ ನಿಧಾನವಾಗಿ ಹೋಗೋಣ" ಎಂದರು. ಮಗಳು ಸ್ಪ್ಯಾನಿಷ್‌ನಿಂದ ನನಗೆ ಹೇಳುತ್ತಾ ಬಂದಳು.

ಕೋಪಾನ್‌ನ ದೊರೆಗಳು ಹಳೆಯ ಗುಡಿಯನ್ನು ಕೆಡವಿ, ತುಂಬಿ, ಅದರ ಮೇಲೆಯೇ ಹೊಸದು ಕಟ್ಟುತ್ತಿದ್ದರು. ಇಂದು ಹದಿನಾರನೆಯ ನಂಬರಿನ ಗುಡಿ ಎಂದು ಕಾಣುವುದು ಅತ್ಯಂತ ಹೊರಗಿನ ಪದರ, ಕಟ್ಟಿಸಿದವನು ಪೀಠ ಮಾಡಿಸಿದ ಯಾಶ್ ಪಸಾಹನೇ. ಅದರೊಳಗೆ ಇನ್ನಷ್ಟು ಪದರ, ಅವುಗಳೊಳಗೆ ರೋಸಲೀಲಾ, ಅದರಡಿ ಮಾರ್ಗರೀತಾ, ಯೆಹ್ನಾಲ್, ಎಲ್ಲಕ್ಕಿಂತ ಕೆಳಗೆ ಹುನಾಲ್. ಈ ಹೆಸರುಗಳೆಲ್ಲ ಅಗೆದವರು ಗುರುತಿಗಾಗಿ ಇಟ್ಟವು. ಪದರಗಳಿವೆ ಎಂದು ಮೊದಲು ತೋರಿಸಿಕೊಟ್ಟದ್ದು ಕೋಪಾನ್ ನದಿ. ಅದು ಎತ್ತರದ ಕಟ್ಟಡ ಸಮೂಹದ ಪೂರ್ವದ ಮಗ್ಗುಲನ್ನು ಶತಮಾನಗಟ್ಟಲೆ ಕೊರೆದು, ಗೋಡೆ, ನೆಲಗಟ್ಟು, ಮತ್ತೆ ಗೋಡೆ ಎಂದು ಸೀಳಿ ತೋರಿಸಿತ್ತು. 1930ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಸಂಸ್ಥೆಯವರು ನದಿಯನ್ನೇ ಬೇರೆ ಕಡೆ ತಿರುಗಿಸಿ ಉಳಿದದ್ದನ್ನು ಕಾಪಾಡಿದರು. ಗೈಡ್ ನಮ್ಮನ್ನು ಆ ಸೀಳಿನ ಬಳಿ ನಿಲ್ಲಿಸಿ, "ಸುರಂಗದ ಮೊದಲು ಇದನ್ನು ನೋಡಿ" ಎಂದರು. ಅದು ಸರಿಯಾದ ಕ್ರಮ. ಹೊರಗಿನಿಂದ ಅಡ್ಡಸೀಳು ನೋಡಿದ ಮೇಲೆ ಒಳಗೆ ಎಲ್ಲಿದ್ದೇವೆ ಎಂದು ತಿಳಿಯುತ್ತದೆ.

ಸುರಂಗದೊಳಗೆ ಕಾಲಿಟ್ಟರೆ ಸೆಕೆ. ಮಣ್ಣಿನ ಹಸಿ ವಾಸನೆ. ಜನರಿಗೆ ತೆರೆದಿರುವುದು ಎರಡೇ, 1999ರಿಂದ: ರೋಸಲೀಲಾ ಮತ್ತು ಹಗ್ವಾರೆಸ್. ರೋಸಲೀಲಾ ಸುರಂಗ ಚಿಕ್ಕದು, ಅಷ್ಟಕ್ಕೆ ಅಷ್ಟು ದುಡ್ಡೇ ಎಂದು ನಮ್ಮ ಹಿಂದಿದ್ದವರು ಗೊಣಗಿದರು. ಗಾಜಿನ ಕಿಟಕಿಯಾಚೆ ದೀಪದ ಬೆಳಕಿನಲ್ಲಿ ಗಾರೆಯ ಮುಖವೊಂದರ ತುಂಡು, ಕಣ್ಣು, ಕೊಕ್ಕು, ಅಲ್ಲಲ್ಲಿ ಕೆಂಪು. ನಿನ್ನೆ ಮ್ಯೂಸಿಯಂನಲ್ಲಿ ಇಡೀ ಕಂಡದ್ದು ಇಲ್ಲಿ ಅಂಗೈಯಗಲ. ಆದರೆ ಇದು ಅಸಲಿ. ಹತ್ತನೆಯ ದೊರೆಯ ಕಾಲದ್ದು, 571ರ ಸುಮಾರಿಗೆ ಕಟ್ಟಿದ್ದು. ಬೇರೆ ಗುಡಿಗಳನ್ನು ಕೆಡವಿದವರು ಇದನ್ನು ಮಾತ್ರ ಕೆಡವಲಿಲ್ಲ. ಮೈಗೆಲ್ಲ ಬಿಳಿ ಗಾರೆ ಬಳಿದು, ಕೋಣೆಗಳಲ್ಲಿ ಎಚ್ಚರಿಕೆಯಿಂದ ಕಲ್ಲು ಮಣ್ಣು ತುಂಬಿ, ಹಾಗೆಯೇ ಹೂತರು. ಒಳಗೆ ಚಕಮಕಿ ಕಲ್ಲಿನಲ್ಲಿ ಮನುಷ್ಯರ ಮುಖ ಬರುವಂತೆ ಕೆತ್ತಿದ ಒಂಬತ್ತು ಆಯುಧಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. 1989ರಲ್ಲಿ ಹೊಂಡುರಾಸ್‌ನವರೇ ಆದ ಪುರಾತತ್ವಜ್ಞ ರಿಕಾರ್ಡೋ ಅಗುರ್ಸಿಯಾ ಸುರಂಗ ತೋಡುತ್ತಾ ಇದರ ಗೋಡೆ ಮುಟ್ಟಿದರು. ಆ ಗೋಡೆಯ ಮೇಲಿರುವುದೂ ಹಕ್ಕಿ ಮತ್ತು ಸೂರ್ಯ, ಅಂದರೆ ಮೊದಲ ದೊರೆಯ ಹೆಸರೇ. ಅವನು ಸತ್ತು ನೂರು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ, ಅವನ ಗೋರಿಯ ನೇರ ಮೇಲೆ, ಗೋಡೆಯಷ್ಟು ದೊಡ್ಡದಾಗಿ ಅವನ ಹೆಸರು ಬರೆದಿದ್ದಾರೆ.

ಗೈಡ್ ಅಲ್ಲಿ ನಿಂತು ಕಾಲಿನಿಂದ ನೆಲ ತೋರಿಸಿದರು. "ಇಲ್ಲೇ, ಕೆಳಗೆ." ಹುನಾಲ್‌ಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಬೇಸರವಾಯಿತೇ ಎಂದು ಕೇಳಿದರು. ಇಲ್ಲ ಎಂದೆ, ಮನಸ್ಸಿನಿಂದಲೇ ಎಂದೆ. ಸಾವಿರಾರು ಜನರ ಉಸಿರಿನ ತೇವ ಆ ಗಾರೆಗೆ ತಾಗಬಾರದು. ಅಲ್ಲದೆ ಒಬ್ಬ ಮುದುಕನನ್ನು ಮಲಗಿಸಿದ ಜಾಗವದು.

ಆಮೇಲೆ ಅವರು ಹೇಳಿದ ಹಲ್ಲಿನ ವಿಷಯ ನನಗೆ ಪೂರ್ತಿ ಹೊಸದು. ದೊರೆಯ ಮೇಲ್ಹಲ್ಲುಗಳಲ್ಲಿ ಹಸಿರು ಜೇಡ್ ಕೂರಿಸಿದ್ದರಂತೆ. ಅದು ಶೋಕಿಯ ಮಾತಾಯಿತು. ಮುಖ್ಯವಾದದ್ದು ಹಲ್ಲಿನ ಹೊರಗವಚದೊಳಗಿನ ಸ್ಟ್ರಾಂಷಿಯಂ. ಈ ಧಾತು ದೇಹದೊಳಗೆ ಕ್ಯಾಲ್ಸಿಯಂ ಹಾಗೆಯೇ ನಡೆದುಕೊಳ್ಳುತ್ತದೆ ಎಂಬುದು ನಮ್ಮ ಕೋಣೆಯವರಿಗೆಲ್ಲ ಗೊತ್ತು. ಒಂದೊಂದು ಸೀಮೆಯ ಬಂಡೆಯಲ್ಲಿ ಅದರ ಐಸೊಟೋಪುಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ, ಪ್ರಮಾಣ ಒಂದೊಂದು ಬಗೆ. ಬಂಡೆಯಿಂದ ಮಣ್ಣಿಗೆ, ನೀರಿಗೆ, ಬೆಳೆಗೆ, ಅಲ್ಲಿಂದ ಮಗುವಿನ ಹಲ್ಲಿಗೆ. ಹಲ್ಲಿನ ಕವಚ ಒಮ್ಮೆ ಬೆಳೆದ ಮೇಲೆ ಬದಲಾಗುವುದಿಲ್ಲ. ಹಾಗಾಗಿ ಮುದುಕನ ಹಲ್ಲಿನಲ್ಲಿ ಅವನು ಕೂಸಾಗಿದ್ದ ಊರು ಉಳಿದಿರುತ್ತದೆ. ಈ ಹಲ್ಲು ಹೇಳಿದ್ದೇನೆಂದರೆ, ಅವನು ಹುಟ್ಟಿ ಬೆಳೆದದ್ದು ಕೋಪಾನ್‌ನಲ್ಲಲ್ಲ. ಕನ್ನಡಕ ನೋಡಿ ಎಲ್ಲರೂ ಅಂದುಕೊಳ್ಳಬಹುದಾದ ತೆಯೋತಿವಾಕಾನ್‌ನಲ್ಲೂ ಅಲ್ಲ. ಕೋಪಾನ್‌ಗೆ ಉತ್ತರದ ಮಾಯಾ ತಗ್ಗುನಾಡಿನಲ್ಲಿ, ಈಗಿನ ಗ್ವಾಟೆಮಾಲಾದ ಪೆತೆನ್ ಕಡೆಯ ಸೀಮೆಯಲ್ಲಿ.

ಕಲ್ಲು ಹೇಳುವುದೂ ಇದಕ್ಕೆ ಒಗ್ಗುತ್ತದೆ. ಕ್ಯೂ ಪೀಠದ ಮೇಲಿನ ಬರಹದಂತೆ 426ರ ಸೆಪ್ಟೆಂಬರಿನಲ್ಲಿ ಅವನು ಮೂಲದ ಮನೆ ಎಂಬಂಥ ಹೆಸರಿನ ಜಾಗದಲ್ಲಿ ರಾಜದಂಡ ಹಿಡಿದ, ಮೂರು ದಿನ ಬಿಟ್ಟು ಅಲ್ಲಿಂದ ಹೊರಟ, ನೂರೈವತ್ತಕ್ಕೂ ಹೆಚ್ಚು ದಿನವಾದ ಮೇಲೆ 427ರ ಫೆಬ್ರವರಿಯಲ್ಲಿ ಇಲ್ಲಿ ಕಾಲಿಗೆ ವಿಶ್ರಾಂತಿ ಕೊಟ್ಟ. ಅಷ್ಟು ನಡೆದವನಿಗೆ ಬಳಸಬಹುದಾದ ಮಾತೇ ಅದು. ಗೈಡ್ ಅದನ್ನು ಹೇಳುವಾಗ ತಮ್ಮ ಮೊಣಕಾಲು ಸವರಿಕೊಂಡರು, ನಾನೂ ಸವರಿಕೊಂಡೆ. ಹೀಗೆ ಕಲ್ಲು ಒಂದು ಕೋನ, ಮೂಳೆ ಇನ್ನೊಂದು, ಹಲ್ಲು ಮೂರನೆಯದು. ಮೂರರಲ್ಲೂ ಒಬ್ಬನೇ ಮನುಷ್ಯ ಕಂಡ. ಬೇರೆ ಸೀಮೆಯಿಂದ ಬಂದ, ಮೈತುಂಬ ಹಳೆಯ ಪೆಟ್ಟಿನ, ಹತ್ತಾರು ವರ್ಷ ಆಳಿ ವಯಸ್ಸಾಗಿ ಸತ್ತ ಮನುಷ್ಯ.

ಹುನಾಲ್ ಮೇಲಿನ ಮಾರ್ಗರೀತಾದಲ್ಲಿ ಒಬ್ಬ ಹೆಂಗಸಿನ ಗೋರಿಯಿದೆ. ಬಹುಶಃ ಅವನ ಹೆಂಡತಿ, ಎರಡನೆಯ ದೊರೆಯ ತಾಯಿ. ಐವತ್ತು ದಾಟಿದವಳು, ಮಕ್ಕಳನ್ನು ಹೆತ್ತವಳು. ಆಕೆ ಈ ಸೀಮೆಯವಳೇ ಎಂದು ಆಕೆಯ ಮೂಳೆ ಹೇಳುತ್ತದೆ. ಹೊರಗಿನಿಂದ ಬಂದವನು ಊರಿನ ಹೆಣ್ಣನ್ನು ಮದುವೆಯಾಗಿ ನೆಲೆಯೂರಿದ್ದು. ಆಕೆಯ ಮೂಳೆಗಳಿಗೆಲ್ಲ ಸಿನಬಾರ್ ಎಂಬ ಕೆಂಪು ಪುಡಿ ಲೇಪಿಸಿದ್ದರು. ಅದು ಪಾದರಸದ ಅದಿರು. ಅಗೆಯುವವರು ವಿಷದ ಎಚ್ಚರದಲ್ಲೇ ಕೆಲಸ ಮಾಡಬೇಕಾಯಿತಂತೆ. ಕೋಪಾನ್‌ನಲ್ಲಿ ಸಿಕ್ಕ ಅತ್ಯಂತ ಸಂಪನ್ನ ಗೋರಿಗಳಲ್ಲಿ ಆಕೆಯದೂ ಒಂದು. ಆದರೂ ಆಕೆಯ ಹೆಸರು ನಮಗೆ ಉಳಿದಿಲ್ಲ. ಗೋಡೆಯ ಮೇಲೆ ಕೆತ್ಸಾಲ್ ಮತ್ತು ಮಕಾವ್ ಕತ್ತು ಹೆಣೆದುಕೊಂಡಿರುವ ಚಿತ್ರ ಗಂಡನ ಹೆಸರು. ಈ ಮಾತು ಕೇಳಿ ಮಗಳು ಬಹಳ ಹೊತ್ತು ಸುಮ್ಮನಿದ್ದಳು.

ಉಳಿದ ಪಾರ್ಕಿನ ಬಗ್ಗೆ ಎಲ್ಲೆಡೆ ಓದಲು ಸಿಗುತ್ತದೆ, ನಾನು ಚುಟುಕಾಗಿ ಹೇಳುತ್ತೇನೆ. ಸುಮಾರು 2,200 ಅಕ್ಷರಗಳ ಮೆಟ್ಟಿಲಸಾಲು ನಿಜಕ್ಕೂ ದೊಡ್ಡದು. ಮಳೆ ಬಿಸಿಲು ತಾಗದಂತೆ ಮೇಲೆ ಚಪ್ಪರದ ಹಾಗೆ ಮುಚ್ಚಿಗೆ ಇರುವುದರಿಂದ ನಿಧಾನವಾಗಿ ನಿಂತು ನೋಡಬಹುದು. ಕುಸಿದುಬಿದ್ದಿದ್ದ ಮೇಲಿನ ಮೆಟ್ಟಿಲುಗಳನ್ನು ಹಿಂದೆ ಜೋಡಿಸುವಾಗ ಕ್ರಮ ತಪ್ಪಿತ್ತು, ಆಗ ಲಿಪಿ ಓದಲು ಬರುತ್ತಿರಲಿಲ್ಲ. ಚೆಂಡಾಟದ ಅಂಗಳದಲ್ಲಿ ಕಲ್ಲಿನ ಮಕಾವ್ ತಲೆಗಳಿವೆ. ದೊಡ್ಡ ಮೈದಾನದ ಬಹುಪಾಲು ನಿಲುಗಲ್ಲುಗಳು ಹದಿಮೂರನೆಯ ದೊರೆಯವು, ಅವನನ್ನು 738ರಲ್ಲಿ ನೆರೆಯ ಕಿರಿಗ್ವಾದ ದೊರೆ ಸೆರೆಹಿಡಿದು ತಲೆ ಕಡಿಸಿದ. ಆ ಪೆಟ್ಟಿನ ನೆನಪು ಆರುವ ಮೊದಲೇ ಪಟ್ಟಕ್ಕೆ ಬಂದ ಹದಿನಾರನೆಯವನಿಗೆ ಮೂಲಪುರುಷನ ಕೈಯಿಂದಲೇ ಅಧಿಕಾರ ಪಡೆದೆ ಎಂದು ಕಲ್ಲಿನಲ್ಲಿ ತೋರಿಸುವ ಅಗತ್ಯ ಏಕೆ ಬಿತ್ತೆಂದು ಇದು ತಿಳಿದ ಮೇಲೆ ಅರ್ಥವಾಯಿತು. ಕ್ಯೂ ಪೀಠದ ಸಮೀಪ ಒಂದು ಗುಂಡಿಯಲ್ಲಿ ಹದಿನೈದು ಜಾಗ್ವಾರ್‌ಗಳ ಎಲುಬುಗಳು ಸಿಕ್ಕಿವೆ, ಹಿಂದಿನ ಹದಿನೈದು ದೊರೆಗಳಿಗೆ ಒಂದೊಂದು. ಗೈಡ್ ಕೊನೆಗೆ ನಮ್ಮನ್ನು ಎಲ್ ಪೀಠ (Altar L) ಎಂಬ ಇನ್ನೊಂದು ಕಲ್ಲಿನ ಹತ್ತಿರ ಕರೆದೊಯ್ದರು. ಅದರ ದಿನಾಂಕ 822. ಕ್ಯೂ ಪೀಠದಂತೆಯೇ ಇಬ್ಬರು ಎದುರುಬದುರು ಕೂತ ಒಂದು ಮಗ್ಗುಲು ಮುಗಿದಿದೆ, ಇನ್ನೊಂದು ಶುರುವಾಗಿ ನಿಂತಿದೆ, ಉಳಿದವು ಬರೀ ಕಲ್ಲು. ಹದಿನೇಳನೆಯವನಾಗಲು ಹೊರಟವನ ಪೀಠವದು.

ಹೋಗುವವರಿಗೆ ನನ್ನ ಸಲಹೆ: ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಶಿಲ್ಪ ಮ್ಯೂಸಿಯಂ, ಕ್ಯೂ ಪೀಠದ ಮುಂದೆ ಕನಿಷ್ಠ ಅರ್ಧ ಗಂಟೆ. ಮಾರನೆಯ ಬೆಳಿಗ್ಗೆ ಬಿಸಿಲೇರುವ ಮೊದಲು ಸುರಂಗ. ಗೈಡ್ ಜೊತೆ ದರ ಮಾತಾಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ, ಆ ಕಲ್ಲಿನ ಮೇಲೆ ಕೂತಿರುವ ಹದಿನಾರು ಜನ ಯಾರು ಎಂದು. ಉತ್ತರ "ದೊರೆಗಳು" ಎಂದು ಬಂದರೆ ಅವರ ಜೊತೆ ಹೋಗಿ. ಸುರಂಗದಲ್ಲಿ ತಲೆ ತಗ್ಗಿಸಿ ನಡೆಯಬೇಕಾದ ಕಡೆಗಳಿವೆ, ಉಸಿರಾಟದ ತೊಂದರೆ ಇರುವವರು ಯೋಚಿಸಿ ಒಳಹೋಗಿ. ನೀರು ಕೈಯಲ್ಲಿರಲಿ.

ಹೊರಡುವ ದಿನ ಇನ್ನೊಂದು ಟಿಕೆಟ್ ಕೊಂಡು ಮತ್ತೆ ಮ್ಯೂಸಿಯಂಗೆ ಹೋದೆವು. ಸರ್ಪದ ಬಾಯಿ, ಕತ್ತಲೆ, ಕೆಂಪು ಗುಡಿ ದಾಟಿ ನೇರ ಪೀಠದ ಮುಂದೆ. ಈ ಸಲ ಮಗಳೇ ಗುರಾಣಿ ಇರುವ ಕೈಯನ್ನು ಬೆರಳು ಮಾಡಿ ತೋರಿಸಿದಳು. ಫೋಟೊ ತೆಗೆ ಎಂದೆ. ಎದುರಿಗೆ ನಿಂತು ಒಂದು ತೆಗೆದಳು. ನಾನು ಏನೂ ಹೇಳುವ ಮೊದಲೇ ಪಕ್ಕಕ್ಕೆ ಸರಿದು ಇನ್ನೊಂದು ತೆಗೆದಳು.